ಎಡಿಟ್ ಮಾಡಿದ ಫೋಟೋದಲ್ಲಿ ರವೆ ಎಲ್ಲಿಂದ ಬಂತು?

ಮೊಬೈಲಿನಲ್ಲಿ ಎಡಿಟ್ ಮಾಡುವಾಗ ನುಣುಪಾಗಿ ಕಂಡ ಫೋಟೋ, ಎಕ್ಸ್‌ಪೋರ್ಟ್ ಮಾಡಿ ಕಂಪ್ಯೂಟರಿನಲ್ಲಿ ತೆರೆದರೆ ರವೆ ಚೆಲ್ಲಿದಂತೆ ಕಾಣುತ್ತದೆ. ಈ ಕಾಳು ಕಾಳಾದ ಚುಕ್ಕೆಗಳಿಗೆ ‘ನಾಯ್ಸ್’ ಎನ್ನುತ್ತಾರೆ. ಎಕ್ಸ್‌ಪೋರ್ಟ್‌ನಲ್ಲೇ ದೋಷವಿದೆ ಎಂದು ಹಲವರು ಭಾವಿಸುತ್ತಾರೆ. ಆದರೆ ಬಹಳ ಸಲ ನಾಯ್ಸ್ ಮೊದಲೇ ಇರುತ್ತದೆ. ಎಕ್ಸ್‌ಪೋರ್ಟ್ ಆದ ಮೇಲೆ ನಮ್ಮ ಕಣ್ಣಿಗೆ ಬೀಳುತ್ತದೆ, ಅಷ್ಟೆ.

ನಮ್ಮ ಮಸ್ಕಿಯ ಅಶೋಕನ ಶಾಸನವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಇದನ್ನು ಗುರುತಿಸಿದರು. ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಇದರಲ್ಲಿದೆ. ಬ್ರಾಹ್ಮಿ ಅಕ್ಷರಗಳು ಸವೆದಿವೆ, ಬಂಡೆಯ ಮರೆಯಲ್ಲಿ ಬೆಳಕು ಕಡಿಮೆ. ಪ್ರಾಜೆಕ್ಟ್‌ಗಾಗಿ ಇಂಥ ಶಾಸನದ ಫೋಟೋ ತೆಗೆಯುವವರಿಗೆ ನಾಯ್ಸ್ ದೊಡ್ಡ ತೊಡಕು.

ಸೆನ್ಸರ್‌ಗೆ ಬೆಳಕು ಸಾಲದಿದ್ದಾಗ ಕ್ಯಾಮೆರಾ ಐಎಸ್ಓ ಏರಿಸುತ್ತದೆ. ಆಗ ಚಿತ್ರದ ಜೊತೆ ನಾಯ್ಸ್ ಕೂಡ ಹಿಗ್ಗುತ್ತದೆ. ಎಡಿಟ್ ಮಾಡುವಾಗ ನೆರಳಿನ ಭಾಗವನ್ನು ಬೆಳಗಿಸಿದರೆ, ಶಾರ್ಪ್‌ನೆಸ್ ಹೆಚ್ಚಿಸಿದರೆ, ಅದು ಇನ್ನಷ್ಟು ಎದ್ದು ಕಾಣುತ್ತದೆ.

ಹಾಗಾದರೆ ಎಡಿಟ್ ಮಾಡುವಾಗ ಏಕೆ ಕಾಣಲಿಲ್ಲ? ಅಡ್ಡಕ್ಕೆ 3000 ಪಿಕ್ಸೆಲ್ ಇರುವ ಫೋಟೋವನ್ನು 1080 ಪಿಕ್ಸೆಲ್ ಅಗಲದ ಪರದೆ ತೋರಿಸಬೇಕಾದರೆ, ಫೋಟೋದ ಸುಮಾರು 8 ಪಿಕ್ಸೆಲ್‌ಗಳು ಸೇರಿ ಪರದೆಯ 1 ಪಿಕ್ಸೆಲ್ ಆಗುತ್ತವೆ. ಸರಾಸರಿ ತೆಗೆದಾಗ ಏರುಪೇರು ತಗ್ಗುತ್ತದೆಂದು ನೀವು ಗಣಿತದಲ್ಲಿ ಓದಿದ್ದೀರಿ. ಇಲ್ಲಿ ನಡೆಯುವುದೂ ಅದೇ.

ನಾಯ್ಸ್ ಎಲ್ಲಿ ಸೇರಿತೆಂದು ತಿಳಿಯಲು ಹೀಗೆ ಮಾಡಿ:

1. ಮೂಲ ಫೋಟೋವನ್ನು ಶೇಕಡಾ 100ಕ್ಕೆ ಜೂಮ್ ಮಾಡಿ ನೋಡಿ. ಅಲ್ಲೇ ಚುಕ್ಕೆಗಳಿದ್ದರೆ ತಪ್ಪು ಬೆಳಕಿನದು.

2. ಮೂಲ ಸ್ವಚ್ಛವಾಗಿದ್ದರೆ ಎಡಿಟ್‌ಗಳನ್ನು ಒಂದೊಂದಾಗಿ ತೆಗೆದು ನೋಡಿ. ಶ್ಯಾಡೋ, ಶಾರ್ಪ್‌ನೆಸ್, ಸ್ಟ್ರಕ್ಚರ್ ಇವುಗಳನ್ನು ಮೊದಲು ಪರೀಕ್ಷಿಸಿ.

3. ಎಡಿಟ್ ಕೂಡ ಸರಿಯಿದ್ದರೆ ಮೂಲ ಅಳತೆಯಲ್ಲೇ, ಹೆಚ್ಚಿನ ಕ್ವಾಲಿಟಿಯಲ್ಲಿ, ಎಕ್ಸ್‌ಪೋರ್ಟ್ ಶಾರ್ಪನಿಂಗ್ ಇಲ್ಲದೆ ಮತ್ತೊಮ್ಮೆ ಸೇವ್ ಮಾಡಿ. ಜೆಪೆಗ್ ಫೈಲ್ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಮಾಡಿ ಕುಗ್ಗಿಸುತ್ತದೆ. ಅಕ್ಷರದ ಅಂಚಿನಲ್ಲಿ ಚೌಕಗಳು, ಮಸುಕು ಕಲೆಗಳು ಕಂಡರೆ ಅದು ನಾಯ್ಸ್ ಅಲ್ಲ, ಕುಗ್ಗಿಸಿದ್ದರ ಗುರುತು.

4. ನಿಮ್ಮ ಫೈಲ್ ಚೆನ್ನಾಗಿದ್ದು ಗೆಳೆಯರಿಗೆ ತಲುಪಿದ ಪ್ರತಿ ಕೆಟ್ಟಿದ್ದರೆ, ಕಳಿಸುವಾಗ ಅದು ಕುಗ್ಗಿದೆ. ವಾಟ್ಸಾಪ್‌ನಲ್ಲಿ ‘ಡಾಕ್ಯುಮೆಂಟ್’ ಆಗಿ ಕಳಿಸಿ.

ನಾಯ್ಸ್ ರಿಡಕ್ಷನ್ ಬಳಸುವಾಗ ಒಂದು ಎಚ್ಚರ ಬೇಕು. ಕಣಶಿಲೆಯ ಮೇಲ್ಮೈಯೇ ಕಾಳು ಕಾಳಾಗಿರುತ್ತದೆ. ಯಾವುದು ಕಲ್ಲಿನ ಕಣ, ಯಾವುದು ಕ್ಯಾಮೆರಾದ ಚುಕ್ಕೆ, ಯಾವುದು ಸವೆದ ಅಕ್ಷರದ ಗೆರೆ ಎಂಬುದು ಆ್ಯಪ್‌ಗೆ ಗೊತ್ತಾಗುವುದಿಲ್ಲ. ಸ್ಲೈಡರ್ ಪೂರ್ತಿ ಎಳೆದರೆ ಬಂಡೆ ಗಾರೆ ಬಳಿದಂತೆ ನುಣ್ಣಗಾಗಿ, ಗೆರೆಯೂ ಅಳಿಸಿಹೋಗುತ್ತದೆ. ಮದುವೆ ಫೋಟೋದಲ್ಲಿ ಇದು ನಡೆದೀತು. ಶಾಸನದ ಫೋಟೋ ಒಂದು ದಾಖಲೆ. ಅದರಲ್ಲಿ ಒಂದು ಗೆರೆ ಹೋದರೆ ಓದುವವರು ಅಕ್ಷರವನ್ನೇ ತಪ್ಪಾಗಿ ತಿಳಿಯಬಹುದು. ಆದ್ದರಿಂದ ಬಣ್ಣದ ಚುಕ್ಕೆಗಳನ್ನು ತೆಗೆಯುವ ‘ಕಲರ್ ನಾಯ್ಸ್’ ಸ್ಲೈಡರನ್ನು ಮೊದಲು ಬಳಸಿ. ಉಳಿದದ್ದನ್ನು ಸ್ವಲ್ಪವೇ ಏರಿಸಿ, ಮೂಲದ ಜೊತೆ ಹೋಲಿಸಿ. ತುಸು ರವೆ ಉಳಿದರೂ ಅಕ್ಷರ ಉಳಿಯಲಿ.

ಫೋಟೋ ತೆಗೆಯುವಾಗಲೇ ಬೆಳಕು ಹೆಚ್ಚು ಸಿಕ್ಕರೆ ಎಲ್ಲಕ್ಕಿಂತ ಒಳ್ಳೆಯದು. ನಾಲ್ಕು ಪಟ್ಟು ಬೆಳಕು ಸಿಕ್ಕರೆ ಚಿತ್ರಕ್ಕೆ ಹೋಲಿಸಿದಂತೆ ನಾಯ್ಸ್ ಸುಮಾರು ಅರ್ಧವಾಗುತ್ತದೆ. ಬಂಡೆ ಅಲುಗಾಡುವುದಿಲ್ಲ, ಮೊಬೈಲನ್ನು ಬ್ಯಾಗಿನ ಮೇಲೆ ಊರಿ, ಟೈಮರ್ ಹಾಕಿ, ಶಟರ್ ವೇಗವನ್ನು 1/60 ಸೆಕೆಂಡಿನಿಂದ 1/15ಕ್ಕೆ ಇಳಿಸಿದರೆ ಅಷ್ಟು ಬೆಳಕು ಸಿಗುತ್ತದೆ. ಎದುರಿನಿಂದ ಫ್ಲ್ಯಾಶ್ ಹಾಕಿದರೆ ಕೊರೆದ ಗೆರೆಯೊಳಗಿನ ನೆರಳು ಮಾಯವಾಗುತ್ತದೆ. ಪಕ್ಕದಿಂದ ಓರೆಯಾಗಿ ಬೀಳುವ ಬೆಳಕಿನಲ್ಲಿ ಅಕ್ಷರ ಸ್ಪಷ್ಟ. ಕಲ್ಲನ್ನು ಮುಟ್ಟಬೇಡಿ, ಗೆರೆಗಳಿಗೆ ಸೀಮೆಸುಣ್ಣ ಹಚ್ಚಬೇಡಿ.

ಮುದಗಲ್ ಕೋಟೆಯ ಬರಹಗಳಿಗೂ, ಮನೆಯಲ್ಲಿರುವ ಅಜ್ಜನ ಕಾಲದ ಕಾಗದಪತ್ರಗಳಿಗೂ ಇದೇ ಕ್ರಮ ಸಾಕು. ಎಡಿಟ್ ಮಾಡಿದ ಪ್ರತಿಯ ಜೊತೆಗೆ ಮೂಲ ಫೈಲನ್ನೂ ತಪ್ಪದೆ ಇಟ್ಟುಕೊಳ್ಳಿ. ಎಡಿಟ್ ಮತ್ತೆ ಮಾಡಬಹುದು, ಅಳಿಸಿದ ಮೂಲ ಮತ್ತೆ ಸಿಗುವುದಿಲ್ಲ.