ದತ್ತು ಮಗುವಿಗೆ ಎಂಥ ಮನೆ ಬೇಕು?

“ನಮ್ಮದು ಬಾಡಿಗಿ ಮನಿ ಐತ್ರಿ, ಕೂಸು ಕೊಡ್ತಾರೇನ್ರಿ?” ವಿಜಯಪುರ ಜಿಲ್ಲೆಯ ಭೂತನಾಳ, ತಿಕೋಟಾ, ಬಬಲೇಶ್ವರದ ಕಡೆ ದತ್ತಕದ ಮಾತು ಬಂದರೆ ಏಳುವ ಮೊದಲ ಅಳುಕು ಇದೇ. 2022ರ ದತ್ತು ನಿಯಮಾವಳಿಯಲ್ಲಿ ಮನೆ ಸ್ವಂತದ್ದಿರಬೇಕು, ಇಷ್ಟು ಚದರಡಿ ಇರಬೇಕು ಎಂಬ ಷರತ್ತಿಲ್ಲ. ಬಾಡಿಗೆ ಮನೆಯೂ ಆದೀತು, ಮಾಳಿಗೆ ಮನೆಯೂ ಆದೀತು.

ಷರತ್ತುಗಳಿರುವುದು ಮನೆಯವರಿಗೆ. ಮಗು ಸಾಕುವಷ್ಟು ಆರೋಗ್ಯ, ಮನೋಸ್ಥೈರ್ಯ, ಆದಾಯ ಇರಬೇಕು. ದಾಂಪತ್ಯ ಕನಿಷ್ಠ 2 ವರ್ಷ ಸ್ಥಿರವಾಗಿ ನಡೆದಿರಬೇಕು, ಇಬ್ಬರ ಒಪ್ಪಿಗೆಯೂ ಬೇಕು. 2 ವರ್ಷದೊಳಗಿನ ಕೂಸು ಬೇಕಿದ್ದರೆ ಗಂಡ-ಹೆಂಡತಿಯ ವಯಸ್ಸು ಕೂಡಿಸಿದರೆ 85 ದಾಟಬಾರದು. 4ರಿಂದ 8 ವರ್ಷದ ಮಗುವಾದರೆ ಈ ಮಿತಿ 100.

ಮನೆಗೆ ಬರುವವರು ಏನು ನೋಡುತ್ತಾರೆ?

ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ (ಕಾರಾ) ಜಾಲತಾಣದಲ್ಲಿ ನೋಂದಾಯಿಸಿ ದಾಖಲೆ ಸಲ್ಲಿಸಿದ 60 ದಿನಗಳೊಳಗೆ ಸಮಾಜ ಕಾರ್ಯಕರ್ತರು ಮನೆಗೆ ಬಂದು ‘ಗೃಹ ಅಧ್ಯಯನ’ ನಡೆಸಬೇಕು. ಈ ವರದಿ 3 ವರ್ಷ ಚಾಲ್ತಿಯಲ್ಲಿರುತ್ತದೆ. ಆದಾಯ, ಆರೋಗ್ಯದ ಜತೆಗೆ ದತ್ತು ಏಕೆ ಬೇಕು, ಇಬ್ಬರೂ ದುಡಿಯಲು ಹೋದರೆ ಕೂಸನ್ನು ಯಾರು ನೋಡಿಕೊಳ್ಳುತ್ತಾರೆ, ಹಿರಿಯರ ಮನಸ್ಸು ಹೇಗಿದೆ ಎಂಬುದನ್ನೂ ಅವರು ಕೇಳುತ್ತಾರೆ. ಮನೆಯಲ್ಲಿ 5 ವರ್ಷ ದಾಟಿದ ಮಗುವಿದ್ದರೆ ಅದರ ಒಪ್ಪಿಗೆಯೂ ಬೇಕು.

ಮನೆಯ ಸುರಕ್ಷತೆಯನ್ನು ಅವರು ಬರುವ ಮೊದಲೇ ನಾವು ನೋಡಿಕೊಳ್ಳಬೇಕು. ಕಟ್ಟೆಯಿಲ್ಲದ ಮಾಳಿಗೆ, ಬೇಲಿಯಿಲ್ಲದ ಕೃಷಿಹೊಂಡ, ದ್ರಾಕ್ಷಿ ತೋಟಕ್ಕೆ ಹೊಡೆಯುವ ಔಷಧದ ಡಬ್ಬಿ ಇವೆಲ್ಲ ನಮ್ಮ ಭಾಗದ ಅಪಾಯಗಳು. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಪುಟ್ಟ ಮಗುವನ್ನು ಹರಸಾಹಸಪಟ್ಟು ಜೀವಂತ ಮೇಲೆತ್ತಿದ್ದು ಜಿಲ್ಲೆಯ ಯಾರೂ ಮರೆತಿಲ್ಲ.

ವಾರಸಿಕೆಯಿಂದ ಹಿತದೆಡೆಗೆ

ದತ್ತಕ ನಮ್ಮ ಸೀಮೆಗೆ ಹೊಸದಲ್ಲ. 1824ರಲ್ಲಿ ಕಿತ್ತೂರಿನ ಶಿವಲಿಂಗಪ್ಪನ ದತ್ತಕವನ್ನು ಬ್ರಿಟಿಷರು ಮಾನ್ಯ ಮಾಡದ್ದೇ ಚೆನ್ನಮ್ಮನ ಯುದ್ಧಕ್ಕೆ ಒಂದು ಕಾರಣವಾಯಿತು. ಆಗ ಮುಖ್ಯವಾಗಿದ್ದದ್ದು ಸಂಸ್ಥಾನದ ವಾರಸಿಕೆ. 2015ರ ಬಾಲನ್ಯಾಯ ಕಾಯ್ದೆಗೆ ಮುಖ್ಯವಾದದ್ದು ಮಗುವಿನ ಹಿತ. ಅದಕ್ಕೇ ಪರೀಕ್ಷೆಯೆಲ್ಲ ದೊಡ್ಡವರಿಗೆ. ಜಿಲ್ಲಾಧಿಕಾರಿಯ ದತ್ತು ಆದೇಶ ಕೈಗೆ ಬಂದ ಮೇಲೂ, ದತ್ತು ಪೂರ್ವ ಪೋಷಣೆಗೆ ಮಗು ಮನೆಗೆ ಬಂದ ದಿನದಿಂದ 2 ವರ್ಷ ತುಂಬುವವರೆಗೆ, 6 ತಿಂಗಳಿಗೊಮ್ಮೆ ಮಗುವಿನ ಯೋಗಕ್ಷೇಮ ವಿಚಾರಿಸುತ್ತಾರೆ.

ಈ ತಪಾಸಣೆಗೆ ಬೇಸತ್ತು ಅಡ್ಡದಾರಿ ಹಿಡಿಯುವವರಿದ್ದಾರೆ. ಅನಾಥ ಮಗುವನ್ನಾಗಲಿ, ಹೆತ್ತವರು ತೊರೆದ ಇಲ್ಲವೇ ಒಪ್ಪಿಸಿದ ಮಗುವನ್ನಾಗಲಿ ಕಾನೂನು ತಪ್ಪಿಸಿ ಕೊಟ್ಟರೂ ಪಡೆದರೂ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ಮಗುವನ್ನು ಮಾರುವುದು, ಕೊಳ್ಳುವುದು ಇನ್ನೂ ದೊಡ್ಡ ಅಪರಾಧ.

ಆದ್ದರಿಂದ ದಲ್ಲಾಳಿಗಳ ಮಾತಿಗೆ ಮರುಳಾಗಬೇಡಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ ನೋಂದಾಯಿಸಿ. ಮನೆ ಚಿಕ್ಕದೆಂದು ಹಿಂಜರಿಯಬೇಡಿ. ಮನೆಯವರೆಲ್ಲ ಒಂದು ಮನಸ್ಸಾಗುವ ಮೊದಲು ಅರ್ಜಿಯನ್ನೂ ಹಾಕಬೇಡಿ.