ಕ್ಯಾಮೆರಾ ಕೆಳಗಿಟ್ಟ ಮೇಲಿನ ಪಾಠ

ಕೆರೆಯ ಕಪ್ಪು ನೀರಿನಲ್ಲಿ ನಿಂತ ಬೆಳ್ಳಕ್ಕಿಯ ಫೋಟೊ ತೆಗೆಯದ ಹವ್ಯಾಸಿ ನಮ್ಮಲ್ಲಿ ಸಿಗುವುದು ಕಷ್ಟ. ಹಕ್ಕಿ ಊರಂಚಿನಲ್ಲೇ ಸಿಗುತ್ತದೆ, ನಿಂತಲ್ಲೇ ನಿಲ್ಲುತ್ತದೆ, ಒಂದಿಷ್ಟು ಹತ್ತಿರ ಹೋಗಲೂ ಬಿಡುತ್ತದೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ತೆರೆದರೆ ಅದರ ಮೈ ಸುಣ್ಣ ಬಳಿದ ಗೋಡೆಯಾಗಿರುತ್ತದೆ. ಗರಿಗರಿಯಾಗಿ ಕಾಣಬೇಕಾದಲ್ಲಿ ಬರೀ ಬಿಳಿ. ಆ ಚಿತ್ರವನ್ನು ನಾಲ್ಕು ಜನರ ಮುಂದಿಟ್ಟರೆ ಮೂವರು ‘ಸೂಪರ್’ ಅನ್ನುತ್ತಾರೆ, ನಾಲ್ಕನೆಯವರು ‘ಬಿಳಿ ಸುಟ್ಟುಹೋಗಿದೆ’ ಅನ್ನುತ್ತಾರೆ. ಅವರೂ ಅಲ್ಲಿಗೇ ಮಾತು ನಿಲ್ಲಿಸಿದರೆ ತೆಗೆದವನಿಗೆ ಬೇಜಾರಷ್ಟೇ ಉಳಿಯುತ್ತದೆ. ಅವರು ಇನ್ನೂ ಸ್ವಲ್ಪ ಮುಂದುವರಿಯಬೇಕು. ಕ್ಯಾಮೆರಾದ ಬೆಳಕಿನ ಮೀಟರ್ ತಾನು ಕಂಡದ್ದನ್ನೆಲ್ಲ ನಡುವಿನ ಬೂದುಬಣ್ಣಕ್ಕೆ ತರಲು ನೋಡುತ್ತದೆ. ಚೌಕಟ್ಟಿನ ತುಂಬ ಕಪ್ಪು ನೀರೇ ಇದ್ದರೆ ಬೆಳಕು ಸಾಲದೆಂದು ಲೆಕ್ಕ ಹಾಕಿ ಹೆಚ್ಚು ಬೆಳಕು ಬಿಡುತ್ತದೆ, ಆ ಹೆಚ್ಚಿಗೆಯ ಬೆಳಕಿಗೆ ಬೆಳ್ಳಕ್ಕಿಯ ಬಿಳಿ ಸುಡುತ್ತದೆ. ಮುಂದಿನ ಸಲ ಎಕ್ಸ್‌ಪೋಷರನ್ನು ಒಂದು ಸ್ಟಾಪ್ ಇಳಿಸಿ ನೋಡಪ್ಪಾ. ಬೆಳ್ಳನೆಯ ಆಕಾಶಕ್ಕೆದುರಾಗಿ ಕೂತ ಕಾಜಾಣಕ್ಕಾದರೆ ಲೆಕ್ಕ ತಿರುಗುಮುರುಗು, ಅಲ್ಲಿ ಏರಿಸಬೇಕು. ಇಷ್ಟು ಹೇಳಿದಾಗ ಅದು ವಿಮರ್ಶೆಯಾಯಿತು. ಕೇಳಿದವನ ಕೈಗೆ ನಾಳೆ ಬೆಳಿಗ್ಗೆ ಮಾಡಲು ಒಂದು ಕೆಲಸ ಸಿಕ್ಕಿತು.

ನಿಸರ್ಗದ ಫೋಟೊ ತೆಗೆಯುವುದನ್ನು ಕಲಿಸುವ ಶಿಬಿರ, ಪುಸ್ತಕ, ವಿಡಿಯೊಗಳು ಈಗ ಬೇಕಾದಷ್ಟಿವೆ. ತೆಗೆದ ಫೋಟೊದ ಮುಂದೆ ಕೂತು ಅದರ ಒಳಿತು ಕೆಡುಕು ಬಿಡಿಸಿ ಹೇಳುವ ವಿದ್ಯೆ ಮಾತ್ರ ಹಿರಿಯರ ಪಕ್ಕದಲ್ಲಿ ಕೂತು ಕಲಿತದ್ದು. ಈ ವಿಷಯದಲ್ಲಿ ಕರ್ನಾಟಕದ ಆಸ್ತಿ ದೊಡ್ಡದು. ಸಂಡೂರಿನ ಎಂ.ವೈ. ಘೋರ್ಪಡೆ ರಾಜ್ಯದ ಹಣಕಾಸು ಸಚಿವರಾಗಿದ್ದವರು, ಕಪ್ಪು-ಬಿಳುಪಿನಲ್ಲಿ ಕಾಡನ್ನು ಹಿಡಿದುಕೊಟ್ಟವರು. ಬೆಂಗಳೂರಿನ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರ ಚಿತ್ರಗಳು ದೇಶವಿದೇಶಗಳ ಪ್ರದರ್ಶನಗಳಿಗೆ ಹೋಗಿ ಬಂದವು. 2017ರಲ್ಲಿ ತೀರಿಕೊಂಡ ಪೆರುಮಾಳ್ ಅವರನ್ನು ಇಂದಿನ ಎಷ್ಟೋ ವನ್ಯಜೀವಿ ಛಾಯಾಗ್ರಾಹಕರು ಗುರು ಎಂದೇ ನೆನೆಯುತ್ತಾರೆ. 1971ರಲ್ಲಿ ಶುರುವಾದ ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಕೂಟಗಳು ಹವ್ಯಾಸಿಗಳನ್ನು ಒಂದೆಡೆ ಸೇರಿಸಿ, ಒಬ್ಬರ ಚಿತ್ರವನ್ನು ಇನ್ನೊಬ್ಬರು ನೋಡುವ ರೂಢಿ ಬೆಳೆಸಿದವು.

ಫಿಲ್ಮ್ ಕಾಲದಲ್ಲಿ ರೋಲಿಗೆ ಮೂವತ್ತಾರೇ ಫ್ರೇಮು. ಕ್ಲಿಕ್ಕಿಸಿದ್ದು ಹೇಗೆ ಬಂದಿದೆಯೆಂದು ತಿಳಿಯುವುದು ತೊಳೆದ ಮೇಲೆ. ಒಂದೊಂದು ಫ್ರೇಮಿಗೂ ದುಡ್ಡು ಬಿದ್ದಿರುತ್ತಿದ್ದರಿಂದ ಒಂದೊಂದನ್ನೂ ನಿಂತು ನೋಡುತ್ತಿದ್ದರು. ಆಗಿನ ಒಂದು ಉಪಾಯ ನನಗೆ ಇಂದಿಗೂ ಅಚ್ಚುಮೆಚ್ಚು. ರಟ್ಟಿನಿಂದ ಕತ್ತರಿಸಿದ, ಮೂಲೆಮಟ್ಟದ ಆಕಾರದ ಎರಡು ತುಂಡುಗಳನ್ನು ಪ್ರಿಂಟಿನ ಮೇಲೆ ಎದುರುಬದುರಾಗಿ ಇಡುತ್ತಿದ್ದರು. ನಡುವೆ ಒಂದು ಕಿಂಡಿ ಆಗುತ್ತದೆ. ತುಂಡುಗಳನ್ನು ಅತ್ತಿತ್ತ ಜರುಗಿಸಿದರೆ ಕಿಂಡಿ ಹಿಗ್ಗುತ್ತದೆ, ಕುಗ್ಗುತ್ತದೆ. ಬಲಗಡೆಯ ಒಣಕಡ್ಡಿಯನ್ನು ಮುಚ್ಚಿದರೆ ಏನಾಗುತ್ತದೆ, ಮೇಲಿನ ಖಾಲಿ ಆಕಾಶ ಅರ್ಧಕ್ಕಿಳಿದರೆ ಜಿಂಕೆ ದೊಡ್ಡದಾಗಿ ಕಂಡೀತೇ, ಎಲ್ಲವೂ ಕಣ್ಣೆದುರಿಗೇ ಗೊತ್ತಾಗುತ್ತದೆ. ಹಿರಿಯರು ಬಾಯಿ ತೆರೆಯದೆ ರಟ್ಟು ಜರುಗಿಸುತ್ತ ಹೋದರೂ ಸಾಕು, ಕಿರಿಯನಿಗೆ ಪಾಠವಾಗುತ್ತದೆ. ಈಗ ಅದೇ ಕೆಲಸವನ್ನು ಪರದೆಯ ಮೇಲೆ ಕ್ರಾಪ್ ಮಾಡಿ ತೋರಿಸುತ್ತಾರೆ. ರಟ್ಟಿನ ನಿಧಾನ ಅದರಲ್ಲಿಲ್ಲ.

ಸ್ಪರ್ಧೆಯ ತೀರ್ಪನ್ನೂ ವಿಮರ್ಶೆಯನ್ನೂ ಒಂದೇ ಎಂದು ತಿಳಿದವರು ಬಹಳ. ಸಲಾನ್ ಎಂದು ಕರೆಯುವ ಪ್ರದರ್ಶನ-ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಮೂವರು ತೀರ್ಪುಗಾರರು ಕೂತಿರುತ್ತಾರೆ. ಚಿತ್ರ ಕೆಲವೇ ಸೆಕೆಂಡು ಪರದೆಯ ಮೇಲಿರುತ್ತದೆ, ಅಂಕ ಬೀಳುತ್ತದೆ, ಮುಂದಿನದು ಬರುತ್ತದೆ. ಸಾವಿರಾರು ಚಿತ್ರ ನೋಡುವಾಗ ಬೇರೆ ದಾರಿಯೂ ಇಲ್ಲ. ಆದರೆ ಯಾಕೆ ಕಡಿಮೆ ಅಂಕ ಎಂಬುದು ಕಳಿಸಿದವನಿಗೆ ತಿಳಿಯುವುದೇ ಇಲ್ಲ. ಪದಕ ಬಂದ ಚಿತ್ರಗಳನ್ನು ನೋಡಿ ಅಂಥದ್ದೇ ತೆಗೆಯಲು ಹೊರಡುತ್ತಾನೆ. ಪ್ರತಿಭೆಯುಳ್ಳ ಹುಡುಗ ಹುಡುಗಿಯರು ಹೀಗೆ ಒಂದೇ ಅಚ್ಚಿಗೆ ಬೀಳುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ನಿಸರ್ಗದ ಚಿತ್ರಕ್ಕೆ ಬೇರೆಯದೇ ಒಂದು ಕಟ್ಟಳೆ ಇದೆ. ಫಿಯಾಪ್ ಎಂಬ ಅಂತರರಾಷ್ಟ್ರೀಯ ಒಕ್ಕೂಟ, ಅಮೆರಿಕದ ಫೋಟೋಗ್ರಾಫಿಕ್ ಸೊಸೈಟಿ, 1853ರಲ್ಲಿ ಹುಟ್ಟಿದ ಬ್ರಿಟನ್ನಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ ಮೂರೂ ಸೇರಿ 2014ರಲ್ಲಿ ಇದಕ್ಕೊಂದು ವ್ಯಾಖ್ಯೆ ಒಪ್ಪಿಕೊಂಡವು. ಚಿತ್ರದಲ್ಲಿಲ್ಲದ್ದನ್ನು ತಂದು ಸೇರಿಸುವಂತಿಲ್ಲ, ಅಂಚು ಕತ್ತರಿಸಿ ಬಿಡಬಹುದೇ ಹೊರತು ಇದ್ದದ್ದನ್ನು ಅಳಿಸುವಂತಿಲ್ಲ. ನಾಯಿ, ದನ, ತೋಟದ ಕಸಿ ಗುಲಾಬಿ ಲೆಕ್ಕಕ್ಕಿಲ್ಲ. ಇವೆಲ್ಲಕ್ಕಿಂತ ಮುಖ್ಯವಾದ ಮಾತೆಂದರೆ, ಚಿತ್ರ ಹೇಳುವ ಕಥೆಗೆ ಅದರ ಅಂದಕ್ಕಿಂತ ಹೆಚ್ಚಿನ ತೂಕ. ವಿಷಯ ಬಲ್ಲವರು ನೋಡಿದರೆ ಇದು ಯಾವ ಜೀವಿಯೆಂದು ಗುರುತಿಸಬೇಕು, ಇದು ಪ್ರಾಮಾಣಿಕ ಚಿತ್ರವೆಂದು ಒಪ್ಪಬೇಕು.

ಹಾಗಾದರೆ ವಿಮರ್ಶೆ ಮಾಡಲು ಕೂತವರಿಗೆ ಲೆನ್ಸಿನ ಜ್ಞಾನವೊಂದೇ ಸಾಲದು. ಹಕ್ಕಿಯ ಕಣ್ಣು ಮಂಜಾಗಿ ಬೆಳ್ಳಗೆ ಕಂಡಾಗ ‘ಫೋಕಸ್ ತಪ್ಪಿದೆ’ ಎಂದು ತಳ್ಳಿಹಾಕುವವರಿದ್ದಾರೆ. ಕೊಕ್ಕಿನ ಬುಡದ ಸಣ್ಣ ಗರಿಗಳು ಚುರುಕಾಗಿ ಮೂಡಿ ಕಣ್ಣೊಂದೇ ಮಸುಕಾಗಿದ್ದರೆ ಅದು ಬಹುಮಟ್ಟಿಗೆ ಮೂರನೆಯ ರೆಪ್ಪೆ. ಕಣ್ಣನ್ನು ಒರೆಸಿ ಕಾಯುವ ತೆಳುಪೊರೆ ಆ ಕ್ಷಣದಲ್ಲಿ ಸರಿದು ಬಂದದ್ದು. ಬಂಡೆಯ ಮೇಲೆ ಬಾಯಿ ತೆರೆದು ಕೂತ ನೀರುಕಾಗೆಯ ಚಿತ್ರಕ್ಕೆ ‘ಕೂಗು’ ಎಂಬ ಶೀರ್ಷಿಕೆ ಇಟ್ಟು ತರುತ್ತಾರೆ. ಸುಡುಬಿಸಿಲಿನಲ್ಲಿ ಗಂಟಲಿನ ಚರ್ಮವನ್ನು ಪಟಪಟನೆ ಅದುರಿಸಿ ಅದು ಮೈ ತಂಪು ಮಾಡಿಕೊಳ್ಳುತ್ತಿರುತ್ತದೆ. ಹಲ್ಲು ಕಿಸಿದ ಕೋತಿಗೆ ‘ನಗು’ ಎಂಬ ಶೀರ್ಷಿಕೆ ಇನ್ನೂ ಮಾಮೂಲು. ಆ ಕೋತಿ ಹೆಚ್ಚಿನ ಸಲ ಹೆದರಿರುತ್ತದೆ, ಇಲ್ಲವೆ ತನಗಿಂತ ಬಲವಾದ ಕೋತಿಗೆ ತಗ್ಗುತ್ತಿರುತ್ತದೆ. ಹೆದರಿಕೆಗೆ ಕಾರಣ ಫೋಟೊ ತೆಗೆದವರೇ ಆಗಿರಬಹುದು. ಇವನ್ನು ಹೇಳಿಕೊಡುವುದೂ ವಿಮರ್ಶೆಯ ಪಾಲೇ.

ಒಂದು ಚಿತ್ರವನ್ನು ಹತ್ತಿರದಿಂದ ನೋಡೋಣ. ಇಂಥದ್ದು ಕೂಟಗಳಿಗೆ ಬಂದೇ ಬರುತ್ತದೆ: ಒಣಕೊಂಬೆಯ ತುದಿಯಲ್ಲಿ ಒಂದು ಕಳ್ಳಿಪೀರ, ಕೊಕ್ಕಿನಲ್ಲಿ ಏನೋ ಒಂದು, ಮುಖ ನೇರ ನಮ್ಮ ಕಡೆಗೆ. ಹಸಿರು ಚೆನ್ನಾಗಿ ಬಂದಿದೆ, ಹಿನ್ನೆಲೆ ಶುದ್ಧವಾಗಿದೆ. ಬಲ್ಲ ಹಿರಿಯರೊಬ್ಬರ ಕೈಗೆ ಸಿಕ್ಕರೆ ಮಾತು ಹೀಗೆ ಸಾಗುತ್ತದೆ.

“ಏನು ತೋರಿಸಬೇಕು ಅಂತ ತೆಗೆದೆಯಪ್ಪಾ?”

“ಜೇನ್ನೊಣ ಹಿಡ್ಕೊಂಡಿತ್ತು ಸಾರ್, ಅದನ್ನೇ.”

“ಕಾಣ್ತಾ ಇದೆಯಾ ಅದು?”

“ಸ್ವಲ್ಪ ಕಾಣತ್ತೆ... ಕೊಕ್ಕಿನ ಹಿಂದೆ ಹೋಗ್ಬಿಟ್ಟಿದೆ.”

“ಹಿಡಿದ ಮೇಲೆ ಏನು ಮಾಡ್ತು?”

“ಕೊಂಬೆಗೆ ಪಟಪಟ ಬಡೀತು ಸಾರ್, ಆಮೇಲೆ ನುಂಗ್ತು.”

“ಯಾಕೆ ಬಡೀತು ಹೇಳು ನೋಡೋಣ.”

ಹುಡುಗನಿಗೆ ಗೊತ್ತಿರುವುದಿಲ್ಲ. ಹಿರಿಯರು ಹೇಳುತ್ತಾರೆ: ಜೇನ್ನೊಣವನ್ನು ಕೊಂಬೆಗೆ ಬಡಿದು, ಉಜ್ಜಿ, ಕೊಂಡಿ ಮತ್ತು ವಿಷ ತೆಗೆದ ಮೇಲೆಯೇ ಕಳ್ಳಿಪೀರ ಅದನ್ನು ನುಂಗುವುದು. ಹಾರಿಹೋಗಿ ಹಿಡಿದು ಮತ್ತೆ ಮತ್ತೆ ಅದೇ ಕೊಂಬೆಗೆ ಬರುವುದು ಅದರ ರೂಢಿ. ಹಾಗಿದ್ದ ಮೇಲೆ ಹಕ್ಕಿಯ ಹಿಂದೆ ಓಡುವ ಅಗತ್ಯವಿಲ್ಲ. ಬೆಳಗಿನ ಬಿಸಿಲು ಬೆನ್ನಿಗೆ ಬೀಳುವಂತೆ, ಕೊಂಬೆ ಅಡ್ಡಡ್ಡಲಾಗಿ ಕಾಣುವಂತೆ ಒಂದು ಕಡೆ ಕೂತರಾಯಿತು. ಶಟರ್ ವೇಗ 1/2000 ಸೆಕೆಂಡಿಗೆ ಏರಿಸಿಟ್ಟುಕೊಂಡು ಕಾದರೆ ಹಕ್ಕಿ ತಾನಾಗಿ ಬರುತ್ತದೆ, ಬಡಿಯುವಾಗ ಪಕ್ಕದಿಂದ ಕೊಕ್ಕೂ ನೊಣವೂ ಎರಡೂ ಕಾಣುತ್ತವೆ. ಈ ಸಂಭಾಷಣೆಯಲ್ಲಿ ‘ಚೆನ್ನಾಗಿದೆ’ ‘ಚೆನ್ನಾಗಿಲ್ಲ’ ಎಂಬ ಮಾತೇ ಬರಲಿಲ್ಲ. ಎಲ್ಲಿ ಕೂರಬೇಕು, ಎಷ್ಟು ವೇಗ ಇಡಬೇಕು ಎಂಬ ಕ್ಯಾಮೆರಾದ ಮಾತುಗಳೆಲ್ಲ ಹಕ್ಕಿಯ ಬದುಕಿನಿಂದಲೇ ಹುಟ್ಟಿಬಂದವು. ನಿಸರ್ಗದ ಚಿತ್ರದ ಒಳ್ಳೆಯ ವಿಮರ್ಶೆ ಹೀಗಿರುತ್ತದೆ ಎಂದು ನಾನು ನಂಬಿದ್ದೇನೆ. ಬಾಲ ಕತ್ತರಿಸಿದೆ, ಹಕ್ಕಿ ನೋಡುವ ದಿಕ್ಕಿಗೆ ಜಾಗ ಸಾಲದು, ನೆಲದ ಹಕ್ಕಿಗೆ ನಿಂತು ತೆಗೆಯಬೇಡ, ಮಲಗಿ ಅದರ ಕಣ್ಣಿನ ಮಟ್ಟಕ್ಕೆ ಇಳಿ ಎಂಬವೆಲ್ಲ ಬೇಕಾದವೇ. ಅವನ್ನು ಯಾರು ಬೇಕಾದರೂ ಹೇಳಿಯಾರು.

ಕಣ್ಣಿಟ್ಟು ನೋಡುವ ಈ ಅಭ್ಯಾಸದಿಂದ ದೊಡ್ಡ ಮೋಸಗಳೂ ಬಯಲಾಗಿವೆ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವರ್ಷದ ವನ್ಯಜೀವಿ ಛಾಯಾಗ್ರಾಹಕ ಸ್ಪರ್ಧೆಯಲ್ಲಿ 2009ರ ಮೊದಲ ಬಹುಮಾನ ಪಡೆದದ್ದು ರಾತ್ರಿಯಲ್ಲಿ ದೊಡ್ಡಿಯ ಗೇಟು ಹಾರುತ್ತಿರುವ ತೋಳದ ಚಿತ್ರ. ತೋಳಗಳನ್ನು ಬಲ್ಲವರು ಒಂದು ಸರಳ ಪ್ರಶ್ನೆ ಕೇಳಿದರು: ಗೇಟಿನ ಅಡ್ಡಪಟ್ಟಿಗಳ ನಡುವೆ ನುಸುಳಬಹುದಾದ ಕಾಡುತೋಳ ಹಾರುವ ಶ್ರಮವನ್ನೇಕೆ ತೆಗೆದುಕೊಂಡಿತು? ವಿಚಾರಣೆ ನಡೆದು, ಅದು ಪಳಗಿಸಿದ ತೋಳವಾಗಿರುವ ಸಾಧ್ಯತೆಯೇ ಹೆಚ್ಚೆಂದು ತೀರ್ಪುಗಾರರು ಕಂಡುಕೊಂಡು 2010ರ ಜನವರಿಯಲ್ಲಿ ಬಹುಮಾನ ಹಿಂತೆಗೆದುಕೊಂಡರು. ಅದೇ ಸ್ಪರ್ಧೆಯ 2017ರ ಇನ್ನೊಂದು ಬಹುಮಾನಿತ ಚಿತ್ರದಲ್ಲಿ, ಬ್ರೆಜಿಲ್‌ನ ಎಮಾಸ್ ರಾಷ್ಟ್ರೀಯ ಉದ್ಯಾನದಲ್ಲಿ ಮಿನುಗುವ ಹುಳುಗಳಿದ್ದ ಗೆದ್ದಲ ಹುತ್ತದ ಬುಡಕ್ಕೆ ಒಂದು ಇರುವೆಭಕ್ಷಕ ಬಂದಿತ್ತು. ಅದರ ಮೈಗುರುತು, ಕೂದಲಿನ ಸುಳಿ, ನಿಂತ ಭಂಗಿ ಎಲ್ಲವೂ ಉದ್ಯಾನದ ಪ್ರವಾಸಿ ಕೇಂದ್ರದಲ್ಲಿ ಹೊಟ್ಟು ತುಂಬಿಸಿ ಇಟ್ಟಿದ್ದ ಸತ್ತ ಪ್ರಾಣಿಯನ್ನೇ ಹೋಲುತ್ತವೆಂದು ತಜ್ಞರು ಒಂದೊಂದಾಗಿ ಹೋಲಿಸಿ ತೋರಿಸಿದರು. 2018ರಲ್ಲಿ ಆ ಚಿತ್ರವೂ ಹೋಯಿತು. ಎರಡರಲ್ಲೂ ಛಾಯಾಗ್ರಾಹಕರು ಆರೋಪ ಒಪ್ಪಲಿಲ್ಲ.

ನಮ್ಮ ಕೂಟಗಳಲ್ಲಿ ಇಷ್ಟು ದೊಡ್ಡ ಮೋಸ ಅಪರೂಪ. ಸಣ್ಣವು ಇವೆ, ಮತ್ತು ಅವುಗಳಿಂದ ಜೀವ ಹೋಗುತ್ತದೆ. ಸೂರಕ್ಕಿಯ ಜೋಲುಗೂಡನ್ನು ನೋಡಿ. ಬಳ್ಳಿಯ ಎಲೆಗಳ ಮರೆಯಲ್ಲಿ, ಪಕ್ಕಕ್ಕೊಂದು ಬಾಗಿಲಿಟ್ಟು ಕಟ್ಟಿರುತ್ತದೆ. ಆ ಎಲೆಗಳು ಬಿಸಿಲಿಗೂ ಕಾಗೆ, ಕೆಂಬೂತಗಳ ಕಣ್ಣಿಗೂ ಅಡ್ಡ. ಬಾಯ್ದೆರೆದ ಮರಿಗಳು ಒಂದೆಲೆಯ ಅಡ್ಡವೂ ಇಲ್ಲದೆ ಕಾಣುವ ಚಿತ್ರ ಮುಂದೆ ಬಂದರೆ ವಿಮರ್ಶಕರು ಹೊಗಳುವ ಮೊದಲು ಕೇಳಬೇಕು: ಎಲೆ ಸವರಿದಿರಾ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಕ್ಕಿಗಳ ಗೂಡು, ಮೊಟ್ಟೆಗಳಿಗೆ ತೊಂದರೆ ಕೊಡುವುದನ್ನೂ ಬೇಟೆಯ ಲೆಕ್ಕಕ್ಕೇ ಸೇರಿಸಿದೆ. ಕಿವಿಯಗಲಿಸಿ ನುಗ್ಗುವ ಆನೆಯ ಚಿತ್ರಕ್ಕೆ ಚಪ್ಪಾಳೆ ಹೊಡೆಯುವ ಮೊದಲು ಜೀಪು ಎಷ್ಟು ಹತ್ತಿರವಿತ್ತು ಎಂದು ಕೇಳಬೇಕು. ಕಪ್ಪೆಯ ಬೆನ್ನೇರಿದ ಬಸವನಹುಳು, ಅಲುಗಾಡದೆ ಸಾಲಾಗಿ ಕೂತ ಚಿಟ್ಟೆಗಳು, ಧ್ವನಿಮುದ್ರಿತ ಕೂಗಿಗೆ ಮರುಳಾಗಿ ಬಂದ ನವರಂಗ, ಎಲ್ಲಕ್ಕೂ ಇದೇ ಪ್ರಶ್ನೆ: ಹೇಗೆ ಸಿಕ್ಕಿತು? ಕೆಲವರಿಗೆ ಇದು ಪೊಲೀಸ್ ವಿಚಾರಣೆ ಎನಿಸಿ ಸಿಟ್ಟು ಬರುತ್ತದೆ. ಬರಲಿ. ಜೀವಿಯನ್ನು ಹಿಂಸಿಸಿ ತೆಗೆದ ಚಿತ್ರದಲ್ಲಿ ಬೆಳಕು ಎಷ್ಟು ಚೆನ್ನಾಗಿದ್ದರೂ ಅದನ್ನು ಹೊಗಳುವ ಹಕ್ಕು ನಮಗಿಲ್ಲ.

ಹೇಳುವ ರೀತಿಗೂ ಒಂದು ಹದ ಬೇಕು. ಹೊಸಬರ ಒಂದೇ ಚಿತ್ರದಲ್ಲಿ ಹತ್ತು ಕೊರತೆ ಕಂಡರೂ ಒಂದೆರಡನ್ನು ಆರಿಸಿ ಹೇಳಬೇಕು. ಮುಂದಿನ ಸಲ ತಿದ್ದಿಕೊಳ್ಳಲು ಆಗುವಂಥದ್ದನ್ನೇ ಆರಿಸಬೇಕು. ‘ದೊಡ್ಡ ಲೆನ್ಸ್ ತಗೊಳ್ಳಿ’ ಎಂಬ ಸಲಹೆ ನನ್ನ ಪ್ರಕಾರ ಸಲಹೆಯೇ ಅಲ್ಲ. ಇರುವ ಲೆನ್ಸಿಗೆ ಒಪ್ಪುವ ಚಿತ್ರ ಯಾವುದೆಂದು ಹೇಳಿಕೊಡುವುದು ಕಷ್ಟದ ಕೆಲಸ, ಬೇಕಾದದ್ದೂ ಅದೇ. ನಮ್ಮಲ್ಲಿ ಇನ್ನೊಂದು ತೊಡಕಿದೆ. ವಯಸ್ಸಿನಲ್ಲಿ, ಹುದ್ದೆಯಲ್ಲಿ ದೊಡ್ಡವರ ಚಿತ್ರ ಪರದೆಗೆ ಬಂದಾಗ ಕಿರಿಯರ ಬಾಯಿ ಕಟ್ಟಿಹೋಗುತ್ತದೆ. ಹೆಸರು ಹೇಳದೆ ಚಿತ್ರ ತೋರಿಸುವ ಕೂಟಗಳಲ್ಲಿ ಮಾತು ಸಲೀಸಾಗಿ ಬರುತ್ತದೆ. ಹಿರಿಯರೇ ಮೊದಲು ತಮ್ಮ ಚಿತ್ರ ಇಟ್ಟು ‘ಇದರಲ್ಲೇನು ಕೊರತೆ, ಹೇಳ್ರಪ್ಪಾ’ ಎಂದರೆ ಇನ್ನೂ ಒಳ್ಳೆಯದು.

ಕೇಳಿಸಿಕೊಳ್ಳುವುದು ಇದಕ್ಕಿಂತ ಕಠಿಣ. ಆಗುಂಬೆಯ ಮಳೆಯಲ್ಲಿ ಇಂಬಳ ಕಚ್ಚಿಸಿಕೊಂಡು ತೆಗೆದ ಹಾವಿನ ಚಿತ್ರವನ್ನು ಯಾರೋ ‘ಸಪ್ಪೆ’ ಎಂದರೆ ಎದೆಗೆ ನಾಟುತ್ತದೆ. ಆ ಮಳೆ, ಆ ಇಂಬಳ ತೆಗೆದವನ ನೆನಪಿನಲ್ಲಿವೆ, ಚಿತ್ರದಲ್ಲಿಲ್ಲ. ನೋಡುವವರಿಗೆ ಸಿಗುವುದು ಚೌಕಟ್ಟಿನೊಳಗಿನದಷ್ಟೆ. ಆದ್ದರಿಂದ ಎಲ್ಲರೂ ಮಾತಾಡಿ ಮುಗಿಸುವ ತನಕ ತೆಗೆದವರು ಸುಮ್ಮನಿರಬೇಕು ಎಂಬ ನಿಯಮ ಕೆಲವೆಡೆ ಇದೆ. ನನಗದು ಬಹಳ ಸರಿ ಎನಿಸುತ್ತದೆ. ಮಧ್ಯೆ ಬಾಯಿ ಹಾಕಿ ಸಮಜಾಯಿಷಿ ಕೊಡಲು ಹೊರಟರೆ ಹೇಳುವವರು ಮರುಕ್ಷಣವೇ ‘ಚೆನ್ನಾಗಿದೆ ಬಿಡಿ’ ಎಂದು ಕೈತೊಳೆದುಕೊಳ್ಳುತ್ತಾರೆ. ಹೇಳಿದ್ದನ್ನೆಲ್ಲ ಒಪ್ಪಬೇಕೆಂದೇನೂ ಇಲ್ಲ. ಒಬ್ಬರು ಕತ್ತಲು ಹೆಚ್ಚಾಯಿತು ಎನ್ನುತ್ತಾರೆ, ಇನ್ನೊಬ್ಬರು ಆ ಕತ್ತಲೇ ಜೀವ ಎನ್ನುತ್ತಾರೆ. ಒಬ್ಬರಿಗೊಬ್ಬರು ಸಂಬಂಧವಿಲ್ಲದ ಮೂವರು ಒಂದೇ ಜಾಗಕ್ಕೆ ಬೆರಳಿಟ್ಟರೆ ಅಲ್ಲಿ ಏನೋ ಇದೆ.

ಅಭಿರುಚಿಯ ಜಗಳಗಳಲ್ಲಿ ಒಂದರಲ್ಲಿ ನಾನು ಸ್ಪಷ್ಟವಾಗಿ ಒಂದು ಪಕ್ಷ. ಉದ್ದ ಲೆನ್ಸಿನಲ್ಲಿ ಹಿನ್ನೆಲೆಯನ್ನು ಪೂರಾ ಕರಗಿಸಿ, ಹಕ್ಕಿಯೊಂದನ್ನೇ ಚೌಕಟ್ಟು ತುಂಬಿಸುವುದು ಈಗಿನ ರೂಢಿ. ಅಂಥ ಚಿತ್ರಕ್ಕೆ ಕೂಟದಲ್ಲಿ ತಕರಾರು ಬರುವುದೇ ಇಲ್ಲ. ಆದರೆ ರಂಗನತಿಟ್ಟಿನ ಬಂಡೆ, ಹೊಳೆ, ಗೂಡುಗಳ ಗದ್ದಲ ಎಲ್ಲ ಹೋಗಿ, ಅಲ್ಲಿನ ಬಣ್ಣದ ಕೊಕ್ಕರೆ ಎಲ್ಲಿಯದೂ ಆಗಬಹುದು. ಇದಕ್ಕೊಂದು ಸುಲಭದ ಪರಿಹಾರವುಂಟು. ಕೂಟಕ್ಕೆ ಬರುವಾಗ ತಿದ್ದಿದ ಚಿತ್ರದ ಜೊತೆ ಕ್ರಾಪ್ ಮಾಡದ ಮೂಲವನ್ನೂ ತರಬೇಕು. ಕ್ಯಾಮೆರಾ ಹಿಡಿಯದ, ಆದರೆ ಗಿಡಮರ ಬಲ್ಲ ಒಬ್ಬರನ್ನಾದರೂ ಕರೆದು ಕೂರಿಸಿಕೊಳ್ಳಬೇಕು. ದಾಂಡೇಲಿಯ ಮಂಗಟ್ಟೆ ಹಕ್ಕಿಯ ಚಿತ್ರ ಬಂದಾಗ ಉಳಿದವರು ಕೊಕ್ಕಿನ ಹಳದಿಯ ಬಗ್ಗೆ ಮಾತಾಡುತ್ತಿದ್ದರೆ ಅವರು ‘ಯಾವ ಮರದ ಮೇಲೆ ಕೂತಿದೆ?’ ಎಂದು ಕೇಳುತ್ತಾರೆ. ಮೂಲ ಚಿತ್ರ ತೆರೆದರೆ ಮೇಲಿನ ಮೂಲೆಯಲ್ಲಿ ಅತ್ತಿಹಣ್ಣಿನ ಗೊಂಚಲಿರುತ್ತದೆ. ಹಕ್ಕಿ ಅಲ್ಲಿಗೆ ಬಂದದ್ದೇ ಅದಕ್ಕೆ, ಆ ಬೀಜಗಳನ್ನು ಕಾಡಿನ ಇನ್ನೊಂದು ಮೂಲೆಗೆ ಒಯ್ಯುವುದೂ ಅದೇ ಹಕ್ಕಿ. ಆಮೇಲೆ ಕ್ರಾಪ್ ಎಲ್ಲಿಗೆ ಬೀಳಬೇಕೆಂಬ ಚರ್ಚೆ ಹೊಸದಾಗಿ ಶುರುವಾಗುತ್ತದೆ.