ಕಡಲಾಚೆಯ ಮನೆಗೆ ಸಂಚಕಾರ

ಪರದೇಶದಲ್ಲಿ ಸ್ವತ್ತು ಕೊಳ್ಳುವುದು, ಅದರ ಹಣವನ್ನು ಕಡಲು ದಾಟಿಸುವುದು, ಕೋಲಾರ ಚಿನ್ನದ ಗಣಿಯ ಸೀಮೆಗೆ ಹೊಸ ಸಂಗತಿಯಲ್ಲ. ಅಂದು ಕೊಂಡವರು ಅತ್ತಲಿನವರು, ಇಂದು ಕೊಳ್ಳುತ್ತಿರುವವರು ಇತ್ತಲಿನವರು ಎಂಬುದಷ್ಟೇ ವ್ಯತ್ಯಾಸ. 1875ರಲ್ಲಿ ಲವೆಲ್ ಎಂಬ ಐರಿಷ್ ಸೈನಿಕನಿಗೆ ಮೈಸೂರು ಸಂಸ್ಥಾನದಲ್ಲಿ ಗಣಿ ಅಗೆಯುವ ಹಕ್ಕು ದೊರೆಯಿತು. ಅನಂತರದ ವರ್ಷಗಳಲ್ಲಿ ಕಂಪನಿಗಳು ಒಂದರ ಹಿಂದೊಂದು ಹುಟ್ಟಿಕೊಂಡವು; ಉರಿಗಾಂ, ಮಾರಿಕುಪ್ಪಂಗಳನ್ನು ನಕ್ಷೆಯಲ್ಲಿ ಮಾತ್ರ ಕಂಡಿದ್ದ ಲಂಡನ್ನಿನ ಷೇರುದಾರರು ಅವುಗಳಲ್ಲಿ ಹಣ ತೊಡಗಿಸಿದರು. 1880ರ ದಶಕದ ಮೊದಲ ವರ್ಷಗಳಲ್ಲಿ ಆ ಹಣದ ಬಹುಪಾಲು ನೆಲದ ಪಾಲಾಯಿತು. ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಮೇಲ್ವಿಚಾರಣೆಯಲ್ಲಿ ಚಾಂಪಿಯನ್ ರೀಫಿನ ಅದಿರು ಕೈಗೆ ಹತ್ತಿದ ಮೇಲೆಯೇ ಉಳಿದವರು ನಿಟ್ಟುಸಿರು ಬಿಟ್ಟರು. ನೋಡದ ನೆಲಕ್ಕೆ, ಕಾಣದ ಕೈಗೆ ಹಣ ಕೊಟ್ಟವರ ಪಾಡು ಅದು.

ಈಗ ಕಾಲಚಕ್ರ ತಿರುಗಿದೆ. 1964ರಲ್ಲಿ ಬಿ.ಇ.ಎಂ.ಎಲ್. ಕಾರ್ಖಾನೆ ಬಂದ ಮೇಲೆ ಕೆ.ಜಿ.ಎಫ್.ನಲ್ಲಿ ನೆಲೆಸಿದ ಮನೆತನಗಳ ಮಕ್ಕಳು, ಬಂಗಾರಪೇಟೆಯಿಂದ ಮುಂಜಾನೆಯ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಓದಿದ ತರುಣರು, ಇಂದು ಇಂಗ್ಲೆಂಡ್, ಅಮೆರಿಕ, ದುಬೈ, ಆಸ್ಟ್ರೇಲಿಯಗಳಲ್ಲಿ ಉದ್ಯೋಗಸ್ಥರಾಗಿದ್ದಾರೆ. ಬಾಡಿಗೆ ತೆತ್ತು ಸಾಕಾಗಿ ಅಲ್ಲಿಯೇ ಮನೆ ಕೊಳ್ಳಲು ಮುಂದಾಗುತ್ತಾರೆ. ಮೊದಲ ಕಂತಿಗೆ ಕೈಯಲ್ಲಿರುವುದು ಸಾಲದೆ ಊರಿನ ತಂದೆತಾಯಿಗಳತ್ತ ನೋಡುತ್ತಾರೆ. ನಿವೃತ್ತಿಯಾದಾಗ ಬಂದ ಗ್ರಾಚುಯಿಟಿ, ಹಿರಿಯರು ಬಿಟ್ಟುಹೋದ ಒಂದು ನಿವೇಶನ, ತಾಯಿಯ ಠೇವಣಿ, ಇವೆಲ್ಲ ಒಂದೇ ದಿನ ಒಂದೇ ಬ್ಯಾಂಕಿನ ಅರ್ಜಿಯಲ್ಲಿ ಕಡಲು ದಾಟುತ್ತವೆ. ಹೋದ ಹಣ ದಾರಿ ತಪ್ಪಿತೆಂದರೆ ಆ ವಯಸ್ಸಿನಲ್ಲಿ ಮತ್ತೆ ಗಳಿಸಲಾಗದು. ಆದಕಾರಣ ಈ ವಿಷಯವನ್ನು ಕುಟುಂಬದ ಓದುಗರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇವೆ.

ವಾಸ ಬೇರೆ, ಒಡೆತನ ಬೇರೆ ಎಂಬುದನ್ನು ಕೆ.ಜಿ.ಎಫ್.ನವರಿಗೆ ಯಾರೂ ಕಲಿಸಬೇಕಾದುದಿಲ್ಲ. ಮೂರು ನಾಲ್ಕು ತಲೆಮಾರು ಗಣಿಯ ಲೈನುಮನೆಗಳಲ್ಲಿ ಬದುಕಿದವರಿಗೆ, 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದಾಗ, ತಾವು ಹುಟ್ಟಿದ ಮನೆಯ ಕಾಗದ ತಮ್ಮ ಹೆಸರಿನಲ್ಲಿಲ್ಲವೆಂಬ ಸತ್ಯ ಎದುರಾಯಿತು. ಹಣ ಕೊಟ್ಟು ಕೊಳ್ಳುವವನಿಗೂ ಇದೇ ಪ್ರಶ್ನೆ. ಹಣ ನಮ್ಮ ಕೈ ಬಿಟ್ಟ ಗಳಿಗೆಗೂ ಹಕ್ಕು ನಮ್ಮ ಹೆಸರಿಗೆ ಬರುವ ಗಳಿಗೆಗೂ ನಡುವೆ ಒಂದು ಅಂತರವಿದೆ. ಆ ಅಂತರದಲ್ಲಿ ಹಣ ಯಾರ ವಶದಲ್ಲಿರುತ್ತದೆ? ಇಡೀ ವ್ಯವಹಾರದ ಸುರಕ್ಷತೆ ಈ ಒಂದು ಪ್ರಶ್ನೆಯ ಉತ್ತರದಲ್ಲಿದೆ.

ಇಲ್ಲಿ ಒಂದು ಶಬ್ದದ ಕಡೆಗೆ ತುಸು ಹೊರಳುವುದಕ್ಕೆ ಓದುಗರು ಅನುಮತಿಸಬೇಕು. ಕ್ರಯಕ್ಕೆ ಮುನ್ನ ಕೊಡುವ ಮುಂಗಡಕ್ಕೆ ಕನ್ನಡದಲ್ಲಿ ಸಂಚಕಾರ ಎಂಬ ಹಳೆಯ ಮಾತುಂಟು. ಇದು ಸಂಸ್ಕೃತದ ಸತ್ಯಂಕಾರ ಶಬ್ದದ ತದ್ಭವ. ಅಮರಕೋಶದ ವೈಶ್ಯವರ್ಗದಲ್ಲಿ ಅದು ದೊರೆಯುತ್ತದೆ. ಆಡಿದ ಮಾತನ್ನು ಸತ್ಯ ಮಾಡುವುದು ಎಂಬುದು ಅದರ ಅರ್ಥ. ಆದರೆ ಅದೇ ಶಬ್ದ ಇಂದು ಪ್ರಾಣಕ್ಕೆ ಸಂಚಕಾರ, ಮಾನಕ್ಕೆ ಸಂಚಕಾರ ಎನ್ನುವಲ್ಲಿ ಅಪಾಯವೆಂಬ ಅರ್ಥಕ್ಕೆ ಸಂದಿದೆ. ಮುಂಗಡ ಕೊಟ್ಟು ಕೆಟ್ಟವರ ಸಂಖ್ಯೆ ಎಷ್ಟಿತ್ತೋ, ನಾವು ಕಾಣೆವು. ಶಬ್ದ ಮಾತ್ರ ಎರಡನ್ನೂ ಹೊತ್ತುಕೊಂಡಿದೆ.

ನಮ್ಮಲ್ಲಿ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಡಿ.ಡಿ. ಅತ್ತ ಹೋಗುವುದೂ ಕ್ರಯಪತ್ರಕ್ಕೆ ರುಜು ಬೀಳುವುದೂ ಒಂದೇ ಮೇಜಿನ ಮುಂದೆ ನಡೆಯುತ್ತದೆ. ಕೊಳ್ಳುವವನು ಮಾರುವವನ ಮುಖ ನೋಡುತ್ತಿರುತ್ತಾನೆ. ಇಂಗ್ಲೆಂಡಿನಲ್ಲಿ ಹಾಗಲ್ಲ. ಅಲ್ಲಿ ಎರಡೂ ಕಡೆಯವರಿಗೆ ಬೇರೆ ಬೇರೆ ಸಾಲಿಸಿಟರ್ ಅಥವಾ ಪರವಾನಗಿ ಪಡೆದ ಕನ್ವೆಯನ್ಸರ್ ಇರುತ್ತಾರೆ. ಬೆಲೆ ಒಪ್ಪಿಗೆಯಾದರೂ ಕರಾರುಪತ್ರಗಳು ವಿನಿಮಯವಾಗುವವರೆಗೆ ಯಾರು ಬೇಕಾದರೂ ಹಿಂದೆ ಸರಿಯಬಹುದು. ವಿನಿಮಯದ ದಿನ ರೂಢಿಯಂತೆ ಬೆಲೆಯ ಹತ್ತನೆಯ ಒಂದು ಭಾಗ ಸಲ್ಲುತ್ತದೆ. ಉಳಿದದ್ದು ಕೀಲಿಕೈ ಸಿಗುವ ದಿನ. ಕೊಳ್ಳುವವರ ಹಣ ಮಾರುವವನ ಕೈಗೆ ನೇರವಾಗಿ ಹೋಗುವುದಿಲ್ಲ. ತಮ್ಮ ಸಾಲಿಸಿಟರರು ಕಕ್ಷಿದಾರರಿಗಾಗಿಯೇ ಪ್ರತ್ಯೇಕವಾಗಿ ಇಟ್ಟಿರುವ ಖಾತೆಗೆ ಹೋಗಿ, ಅಲ್ಲಿಂದ ಮಾರುವವನ ಸಾಲಿಸಿಟರರ ಖಾತೆಗೆ ಸಾಗುತ್ತದೆ. ಸಾಲಿಸಿಟರರ ಹೆಸರು ಅಲ್ಲಿನ ಸಾಲಿಸಿಟರ್ಸ್ ರೆಗ್ಯುಲೇಶನ್ ಅಥಾರಿಟಿಯ ಪಟ್ಟಿಯಲ್ಲಿ ಉಂಟೋ ಇಲ್ಲವೋ ಎಂಬುದನ್ನು ಇಲ್ಲಿಂದಲೇ ನೋಡಿಕೊಳ್ಳಬಹುದು. ನೋಡಿಕೊಳ್ಳಲೇಬೇಕು.

ಇಷ್ಟು ಕಟ್ಟಳೆಯಿರುವ ದೇಶದಲ್ಲಿ ಮೋಸ ಎಲ್ಲಿಂದ ನುಗ್ಗುತ್ತದೆ? ಮಾರುವವನಿಂದಲ್ಲ, ವಕೀಲನಿಂದಲೂ ಅಲ್ಲ, ಇ-ಮೇಲಿನ ಮೂಲಕ. ಕೆಲವು ತಿಂಗಳ ಹಿಂದೆ ಬಂಗಾರಪೇಟೆಯಲ್ಲಿ ಕಾಳಿನ ವ್ಯಾಪಾರ ಮಾಡುವ ಒಬ್ಬ ಸದ್ಗೃಹಸ್ಥರ ಮನೆಗೆ ಪ್ರಸಾದಕ್ಕೆ ಹೋಗಿದ್ದೆವು. ಮಗ ಸೊಸೆ ಇಂಗ್ಲೆಂಡಿನಲ್ಲಿದ್ದಾರೆ. ನಿವೇಶನ ಮಾರಿದ 40 ಲಕ್ಷ ರೂಪಾಯಿ ಕಳುಹಿಸುವ ಸಿದ್ಧತೆ ನಡೆದಿತ್ತು. ಕಳುಹಿಸಬೇಕಾದ ಶುಕ್ರವಾರ ಬೆಳಿಗ್ಗೆ ಮಗನ ಮೂಲಕ ಒಂದು ಸಂದೇಶ ಬಂದಿತು: ನಮ್ಮ ಖಾತೆಯ ಲೆಕ್ಕ ತಪಾಸಣೆ ನಡೆಯುತ್ತಿರುವುದರಿಂದ ಹಣವನ್ನು ಈ ಬೇರೆ ಖಾತೆಗೆ ಹಾಕತಕ್ಕದ್ದು. ವಕೀಲರ ಹೆಸರು ಸರಿಯಿತ್ತು, ಕಡತದ ಸಂಖ್ಯೆ ಸರಿಯಿತ್ತು, ಮನೆಯ ವಿಳಾಸವೂ ಸರಿಯಿತ್ತು. ಯಜಮಾನರು ಅಂಗಿ ತೊಟ್ಟು ಬ್ಯಾಂಕಿಗೆ ಹೊರಟಿದ್ದರು. ತಡೆದವರು ಅವರ ಧರ್ಮಪತ್ನಿ. ಸೊಸೆಗೆ ದೂರವಾಣಿ ಮಾಡಿ, "ಏನಮ್ಮಾ, ಇಷ್ಟು ದಿನ ಇಲ್ಲದ ತಪಾಸಣೆ ದುಡ್ಡು ಕಳಿಸೋ ದಿನಾನೇ ಬಂತಾ? ಅವರನ್ನೇ ಒಂದು ಮಾತು ಕೇಳಿ ನೋಡು" ಎಂದರಂತೆ. ಸೊಸೆ ಆ ಸಂದೇಶದಲ್ಲಿದ್ದ ದೂರವಾಣಿಗೆ ಕರೆ ಮಾಡಲಿಲ್ಲ. ಮೊದಲು ಅಂಚೆಯಲ್ಲಿ ಬಂದಿದ್ದ ಕಾಗದವನ್ನು ಹುಡುಕಿ, ಅದರ ಮೇಲಿದ್ದ ಸಂಖ್ಯೆಗೆ ಮಾಡಿದಳು. "ಅತ್ತೆ, ಅವರು ಅಂಥ ಪತ್ರವನ್ನೇ ಕಳಿಸಿಲ್ಲವಂತೆ" ಎಂದು ಅರ್ಧ ಗಂಟೆಯಲ್ಲಿ ತಿಳಿಸಿದಳು. ಯಾರೋ ಅವರ ಪತ್ರವ್ಯವಹಾರವನ್ನು ವಾರಗಟ್ಟಲೆ ಕದ್ದು ಓದುತ್ತ ಕುಳಿತಿದ್ದರು.

ಈ ಮೋಸಕ್ಕೆ ಆ ದೇಶದಲ್ಲಿ ಶುಕ್ರವಾರ ಮಧ್ಯಾಹ್ನದ ವಂಚನೆ ಎಂದೇ ಹೆಸರಿದೆ. ಮನೆಗಳ ಕ್ರಯ ಹೆಚ್ಚಾಗಿ ಮುಗಿಯುವುದು ಶುಕ್ರವಾರ. ಸುಳ್ಳು ಬಯಲಾಗುವಷ್ಟರಲ್ಲಿ ಶನಿವಾರ, ಭಾನುವಾರಗಳ ರಜೆ ಕಳೆದಿರುತ್ತದೆ, ಹಣ ನಾಲ್ಕು ಖಾತೆ ದಾಟಿರುತ್ತದೆ. ಅಮೆರಿಕದಲ್ಲಿಯೂ ಇದೇ ತೆರನ ವಂಚನೆ ವಿಪುಲವಾಗಿ ನಡೆದಿದೆ. ಇಂಗ್ಲೆಂಡಿನ ಬ್ಯಾಂಕುಗಳು 2020ರಿಂದ ಖಾತೆಯ ಹೆಸರಿಗೂ ಸಂಖ್ಯೆಗೂ ತಾಳೆ ನೋಡುವ ವ್ಯವಸ್ಥೆ ತಂದಿವೆ. ಆದರೆ ಅದು ಆ ದೇಶದೊಳಗಿನ ಪಾವತಿಗೆ ರೂಪಿಸಿದ್ದು, ನಮ್ಮೂರಿನ ಶಾಖೆಯಿಂದ ಹೋಗುವ ಹಣಕ್ಕೆ ಅದನ್ನೇ ನಂಬಿ ಕೂಡಲಾಗದು. ಆದ್ದರಿಂದ ವ್ಯವಹಾರದ ಆರಂಭದಲ್ಲಿಯೇ, ಇನ್ನೂ ಹಣದ ಮಾತು ಬಾರದಿರುವಾಗ, ಮಕ್ಕಳು ವಕೀಲರ ಕಚೇರಿಗೆ ಖುದ್ದಾಗಿ ಹೋಗಿ ಖಾತೆಯ ವಿವರವನ್ನು ಕಾಗದದ ಮೇಲೆ ಬರೆಸಿಕೊಂಡು ಬರಬೇಕು. ಮೊದಲು ಅಲ್ಪ ಮೊತ್ತವನ್ನು ಕಳುಹಿಸಿ, ತಲಪಿತೆಂದು ಅವರ ಬಾಯಿಂದಲೇ ಕೇಳಿ, ಅನಂತರ ಉಳಿದದ್ದನ್ನು ಕಳುಹಿಸುವುದು ಕ್ಷೇಮ. ಎರಡು ಬಾರಿ ಶುಲ್ಕ ತೆರಬೇಕಾಗುತ್ತದೆಂದು ಗೊಣಗುವವರಿದ್ದಾರೆ. ಗೊಣಗಲಿ.

ದುಬೈಯ ರೀತಿ ಬೇರೆ. ಅಲ್ಲಿ ಕಟ್ಟುತ್ತಿರುವ ಮನೆಯನ್ನು ಕೊಳ್ಳುವವರೇ ನಮ್ಮಲ್ಲಿ ಹೆಚ್ಚು. 2007ರ 8ನೆಯ ಕಾನೂನಿನಂತೆ ಕಟ್ಟಡ ಕಟ್ಟುವವನು ಪ್ರತಿಯೊಂದು ಯೋಜನೆಗೂ ಎಸ್ಕ್ರೋ ಎಂಬ ಮಧ್ಯಸ್ಥ ಖಾತೆಯನ್ನು ತೆರೆಯಬೇಕು. ಕೊಳ್ಳುವವರ ಹಣ ಆ ಖಾತೆಗೇ ಬೀಳಬೇಕು. ಕಟ್ಟಡ ಏಳುತ್ತ ಹೋದಂತೆ ಹಣ ಬಿಡುಗಡೆಯಾಗುತ್ತದೆ. ಮಧ್ಯವರ್ತಿಯು ತನ್ನ ಸ್ವಂತ ಖಾತೆಗೋ ಕಂಪನಿಯ ಬೇರೆ ಖಾತೆಗೋ ಹಾಕಿ ಎಂದರೆ ಅಲ್ಲಿಗೇ ಮಾತು ನಿಲ್ಲಿಸತಕ್ಕದ್ದು. ಕಟ್ಟಿ ಮುಗಿದ ಮನೆಯಾದರೆ ಬ್ಯಾಂಕು ಕೊಡುವ ಮ್ಯಾನೇಜರ್ ಚೆಕ್ಕನ್ನು ಮಾರುವವನ ಹೆಸರಿಗೆ ಬರೆಸಿ, ಭೂ ಇಲಾಖೆಯ ಪರವಾಗಿ ನೋಂದಣಿ ನಡೆಸುವ ಕಚೇರಿಯಲ್ಲಿ ವರ್ಗಾವಣೆಯಾಗುವಾಗಲೇ ಕೊಡುತ್ತಾರೆ. ನಮ್ಮ ಡಿ.ಡಿ. ಪದ್ಧತಿಗೆ ಇದು ಬಲು ಹತ್ತಿರ.

ಇನ್ನು ಈ ಕಡೆಯ ಕಾನೂನು. ಭಾರತದ ನಿವಾಸಿಯೊಬ್ಬರು ಲಿಬರಲೈಸ್ಡ್ ರೆಮಿಟೆನ್ಸ್ ಸ್ಕೀಮ್ ಎಂಬ ರಿಸರ್ವ್ ಬ್ಯಾಂಕಿನ ಯೋಜನೆಯಡಿ ಒಂದು ಆರ್ಥಿಕ ವರ್ಷದಲ್ಲಿ 2,50,000 ಡಾಲರಿನವರೆಗೆ ಹೊರದೇಶಕ್ಕೆ ಕಳುಹಿಸಬಹುದು. 2004ರಲ್ಲಿ ಆರಂಭವಾದಾಗ ಈ ಮಿತಿ 25,000 ಡಾಲರ್ ಇತ್ತು. 2013ರ ಆಗಸ್ಟಿನಲ್ಲಿ ರೂಪಾಯಿ ಕುಸಿದಾಗ ಮಿತಿಯನ್ನು 75,000ಕ್ಕೆ ಇಳಿಸಿ, ಹೊರದೇಶದಲ್ಲಿ ಸ್ಥಿರಾಸ್ತಿ ಕೊಳ್ಳುವುದನ್ನೇ ಕೆಲಕಾಲ ನಿಷೇಧಿಸಿದ್ದರು. ಈಗಿನ ಮಿತಿ 2015ರದು. 2022ರ ಸಾಗರೋತ್ತರ ಹೂಡಿಕೆ ನಿಯಮಗಳ ಪ್ರಕಾರ ನಿವಾಸಿಗಳಾದ ಬಂಧುಗಳು ತಮ್ಮ ತಮ್ಮ ಮಿತಿಗಳನ್ನು ಕೂಡಿಸಿ ಸ್ಥಿರಾಸ್ತಿ ಕೊಳ್ಳಬಹುದು. ಪ್ಯಾನ್ ಸಂಖ್ಯೆ ಕಡ್ಡಾಯ. ಆ ಬ್ಯಾಂಕಿನಲ್ಲಿ ಒಂದು ವರ್ಷದ ಹಿಂದಿನಿಂದ ಖಾತೆಯಿರಬೇಕೆಂಬುದು ಸಾಮಾನ್ಯ ನಿಯಮ. ಆದುದರಿಂದ ಮನೆ ಗೊತ್ತಾದ ಮೇಲೆ ಹೊಸ ಬ್ಯಾಂಕನ್ನು ಹುಡುಕುವುದು ತಡವಾದೀತು. ಆಸ್ತಿ ಕೊಳ್ಳಲು ಹೀಗೆ ಕಳುಹಿಸುವ ಹಣಕ್ಕೆ ಬ್ಯಾಂಕು ಸಾಲ ಕೊಡುವಂತಿಲ್ಲವೆಂಬುದನ್ನೂ ನೆನಪಿಡಬೇಕು.

ಹಲವರನ್ನು ಕಡೆಯ ಗಳಿಗೆಯಲ್ಲಿ ಪೇಚಿಗೆ ಸಿಲುಕಿಸುವುದು ಮೂಲದಲ್ಲಿ ಹಿಡಿಯುವ ತೆರಿಗೆ. 2025ರ ಏಪ್ರಿಲಿನಿಂದ ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದ ಭಾಗದ ಮೇಲೆ, ಆಸ್ತಿಗಾಗಲಿ ಉಡುಗೊರೆಗಾಗಲಿ, ಶೇಕಡ 20ರಂತೆ ಬ್ಯಾಂಕು ವಸೂಲು ಮಾಡುತ್ತದೆ. ಮೇಲೆ ಹೇಳಿದ ಮನೆಯ ಯಜಮಾನರೊಬ್ಬರೇ 40 ಲಕ್ಷ ಕಳುಹಿಸಿದರೆ 30 ಲಕ್ಷದ ಮೇಲೆ 6 ಲಕ್ಷ ಹೆಚ್ಚುವರಿಯಾಗಿ ಕೈಯಲ್ಲಿರಬೇಕು. ದಂಪತಿಗಳು ತಮ್ಮ ತಮ್ಮ ಸ್ವಂತ ಹಣದಿಂದ 20 ಲಕ್ಷದಂತೆ ಕಳುಹಿಸುವುದಾದರೆ ಒಟ್ಟು 4 ಲಕ್ಷ ಸಾಕು. ಇದು ಕಳೆದುಹೋದ ಹಣವಲ್ಲ. ವರಮಾನದ ಲೆಕ್ಕ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು, ಹೆಚ್ಚಿದ್ದರೆ ಹಿಂದಕ್ಕೆ ಪಡೆಯಬಹುದು. ಆದರೆ ಅಲ್ಲಿ ಕೀಲಿಕೈ ಪಡೆಯುವ ದಿನ ಗೊತ್ತಾಗಿ, ಇಲ್ಲಿ 6 ಲಕ್ಷ ಕಡಮೆ ಬಿದ್ದರೆ ಮೊದಲು ಕೊಟ್ಟ ಸಂಚಕಾರಕ್ಕೇ ಸಂಚಕಾರ.

ತಂದೆತಾಯಿಗಳು ಮಗನಿಗೆ ಉಡುಗೊರೆಯಾಗಿ ಕೊಡಬೇಕೋ, ತಾವೂ ಒಡೆಯರಾಗಿ ಸೇರಬೇಕೋ? ನಮ್ಮ ಹಿರಿಯರಲ್ಲಿ ಹಲವರು "ನಮ್ಮ ಹೆಸರೂ ಇರಲಿ" ಎನ್ನುತ್ತಾರೆ. ಅವರ ಅಂಜಿಕೆ ನ್ಯಾಯವಾದದ್ದೇ, ನಾವು ಹಳಿಯುವುದಿಲ್ಲ. ಆದರೆ ಇಂಗ್ಲೆಂಡಿನ ಮಟ್ಟಿಗೆ ಅದರ ಬೆಲೆ ಏನೆಂದು ತಿಳಿದಿರಲಿ. ಕೊಳ್ಳುವವರಲ್ಲಿ ಒಬ್ಬರಿಗೆ ಜಗತ್ತಿನ ಯಾವ ಮೂಲೆಯಲ್ಲಾದರೂ 40,000 ಪೌಂಡಿಗೆ ಕಡಮೆಯಿಲ್ಲದ ಬೆಲೆಯ ಮತ್ತೊಂದು ಮನೆಯಿದ್ದರೆ, 2024ರ ಅಕ್ಟೋಬರ್ 31ರಿಂದ ಸಾಮಾನ್ಯವಾಗಿ ಶೇಕಡ 5ರಷ್ಟು ಹೆಚ್ಚುವರಿ ಮುದ್ರಾಂಕ ಶುಲ್ಕ ಬೀಳುತ್ತದೆ. ಬಂಗಾರಪೇಟೆಯ ಸ್ವಂತ ಮನೆಯೂ ಆ ಲೆಕ್ಕಕ್ಕೆ ಸೇರುತ್ತದೆ! ಜೊತೆಗೆ ಒಬ್ಬರು ಆ ದೇಶದ ನಿವಾಸಿಯಲ್ಲದಿದ್ದರೆ 2021ರ ಏಪ್ರಿಲಿನಿಂದ ಇನ್ನೂ ಶೇಕಡ 2. ಎರಡೂ ಇಡೀ ಬೆಲೆಯ ಮೇಲೆ. ಮೂರು ಲಕ್ಷ ಪೌಂಡಿನ ಮನೆಗೆ 21,000 ಪೌಂಡು ಹೆಚ್ಚು ತೆತ್ತಂತಾಯಿತು. ಉಡುಗೊರೆಯಾದರೆ ಈ ಹೊರೆಯಿಲ್ಲ. ಒಂದು ಉಡುಗೊರೆ ಪತ್ರವನ್ನು ಬರೆದುಕೊಡಬೇಕು, ಹಣದ ಮೂಲವನ್ನು ತೋರಿಸಬೇಕು. ಅಲ್ಲಿನ ಸಾಲಿಸಿಟರರು ನಿವೇಶನ ಮಾರಿದ ಕ್ರಯಪತ್ರ, ಬ್ಯಾಂಕಿನ ಪಾಸ್‌ಪುಸ್ತಕ ಕೇಳಿದರೆ ಅಪಮಾನವೆಂದು ಭಾವಿಸಬೇಕಾಗಿಲ್ಲ. ಕೇಳುವುದು ಅವರ ಕಾನೂನಿನ ಕಟ್ಟಳೆ. ಆದರೆ ಉಡುಗೊರೆ ಎಂದು ಬರೆದುಕೊಟ್ಟ ಮೇಲೆ ಆ ಮನೆಯಲ್ಲಿ ತಂದೆಗೆ ಹಕ್ಕಿಲ್ಲ ಎಂಬುದನ್ನು ಮನೆಯವರೆಲ್ಲ ಒಟ್ಟಿಗೆ ಕುಳಿತು ಮೊದಲೇ ಮಾತನಾಡಿಕೊಳ್ಳಬೇಕು. ಇತರ ಮಕ್ಕಳಿದ್ದರೆ ಅವರ ಎದುರಿನಲ್ಲಿ.

ಬ್ಯಾಂಕಿನ ಎ-2 ನಮೂನೆಯಲ್ಲಿ ಉದ್ದೇಶವೆಂಬ ಕಡೆ ಉಡುಗೊರೆಗೆ ಒಂದು ಸಂಕೇತ, ಸ್ಥಿರಾಸ್ತಿಗೆ ಇನ್ನೊಂದು. ಯಾವುದು ನಿಜವೋ ಅದನ್ನೇ ಬರೆಯಬೇಕು. ತೆರಿಗೆಯ ಭಯಕ್ಕೆ ವಿದ್ಯಾಭ್ಯಾಸವೆಂದು ಬರೆಸುವವರುಂಟು. ಮುಂದೊಂದು ದಿನ ಆ ಸುಳ್ಳೇ ಸಾಕ್ಷಿಯಾಗಿ ಎದುರು ನಿಲ್ಲುತ್ತದೆ. ಹವಾಲಾ ದಾರಿಯಂತೂ ಯೋಚಿಸತಕ್ಕದ್ದೇ ಅಲ್ಲ. ಇಲ್ಲಿ ನಗದು ಕೊಟ್ಟರೆ ಅಲ್ಲಿ ದಿರ್ಹಾಂ ಸಿಗುತ್ತದೆ ಎಂದು ಹೇಳುವವನ ಮಾತು ಒಂದು ವೇಳೆ ನಿಜವೇ ಆದರೂ, ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯಂತೆ ಮೊತ್ತದ ಮೂರರಷ್ಟು ದಂಡ ವಿಧಿಸಬಹುದು. ಹಾಗೆ ಕೊಂಡ ಆಸ್ತಿಯ ಬೆಲೆಗೆ ಸಮನಾಗಿ ಇಲ್ಲಿನ ಆಸ್ತಿಯನ್ನು ವಶಪಡಿಸಿಕೊಳ್ಳಲು 2015ರಲ್ಲಿ ಸೇರಿಸಿದ ಕಲಮೂ ಇದೆ. ಮಾತ್ರವಲ್ಲ, ಆ ಹಣದ ಮೂಲವನ್ನು ಅಲ್ಲಿನ ವಕೀಲರಿಗೆ ಯಾವ ಕಾಗದದಿಂದ ತೋರಿಸುವುದು?

ತಂದೆತಾಯಿಗಳು ತಾವೇ ಒಡೆಯರಾದರೆ ಪ್ರತಿ ವರ್ಷ ವರಮಾನದ ಲೆಕ್ಕದಲ್ಲಿ ಹೊರದೇಶದ ಆಸ್ತಿಯ ಪಟ್ಟಿಯನ್ನು ತುಂಬಬೇಕು. ಬಾಡಿಗೆ ಬರಲಿ ಬಾರದಿರಲಿ, ತುಂಬಲೇಬೇಕು. 2015ರ ಕಪ್ಪುಹಣ ಕಾಯ್ದೆಯಲ್ಲಿ ಬಿಟ್ಟವರಿಗೆ 10 ಲಕ್ಷ ರೂಪಾಯಿ ದಂಡವಿದೆ. 2024ರ ಅಕ್ಟೋಬರಿನಿಂದ 20 ಲಕ್ಷದವರೆಗಿನ ಇತರ ಆಸ್ತಿಗಳಿಗೆ ದಂಡದಿಂದ ವಿನಾಯಿತಿ ಕೊಟ್ಟಾಗಲೂ ಸ್ಥಿರಾಸ್ತಿಯನ್ನು ಹೊರಗಿಟ್ಟರು.

ಎಲ್ಲ ಸರಿಯಾಗಿ ನಡೆದೂ ವ್ಯವಹಾರ ಮುರಿದು ಬೀಳುವುದುಂಟು. ಮಾರುವವನು ಮನಸ್ಸು ಬದಲಿಸಿದನು, ಇಲ್ಲವೆ ಬ್ಯಾಂಕು ಸಾಲ ಕೊಡಲಿಲ್ಲ. ಆಗ ಸಾಲಿಸಿಟರರ ಖಾತೆಯಲ್ಲಿ ಉಳಿದ ಹಣ ಯಾರ ಹೆಸರಿನಿಂದ ಬಂದಿತ್ತೋ ಅವರಿಗೇ ಮರಳಬೇಕು. ತಂದೆ ಆಸ್ತಿಗೆಂದು ಕಳುಹಿಸಿದ್ದಾದರೆ, ಬೇರೆ ಮನೆಗೆ ತೊಡಗಿಸದ ಪಕ್ಷದಲ್ಲಿ, 180 ದಿನಗಳೊಳಗೆ ಅದನ್ನು ಭಾರತಕ್ಕೆ ತರಿಸಬೇಕೆಂಬುದು ನಿಯಮ. ಕಳುಹಿಸಿದಾಗ ಬ್ಯಾಂಕು ಕೊಟ್ಟ ಸ್ವಿಫ್ಟ್ ಪ್ರತಿ, ಎ-2 ನಮೂನೆಯ ನಕಲು, ತೆರಿಗೆ ಹಿಡಿದ ಚೀಟಿ, ಇವು ಆಗ ಬೇಕಾಗುತ್ತವೆ. ಮನೆಯ ಇ.ಸಿ., ಖಾತೆ ಕಾಗದಗಳನ್ನು ಇಡುವ ಪೆಟ್ಟಿಗೆಯಲ್ಲಿಯೇ ಅವನ್ನೂ ಇಟ್ಟು, ಎಲ್ಲಿಟ್ಟಿದ್ದೇವೆಂದು ಮನೆಯಲ್ಲಿ ಇನ್ನೊಬ್ಬರಿಗೆ ಹೇಳಿರಬೇಕು.